ಜೀವವೈವಿಧ್ಯ ದಾಖಲಾತಿ ಕಪಾಟಿನಲ್ಲೇ ಉಳಿಯದಿರಲಿ

ಸಂಪಾದಕರಿಗೆ,

ಘಟ್ಟದ ಮೇಲಿನ ಒಂದು ಗ್ರಾಮ ಪಂಚಾಯಿತಿಗೆ ಕಳೆದ ತಿಂಗಳು ಹೋಗಿದ್ದಾಗ ಅಲ್ಲಿನ ಜನತಾ ಜೀವವೈವಿಧ್ಯ ದಾಖಲಾತಿಯನ್ನು, ಅಂದರೆ ಊರಿನ ಗಿಡಮರ, ಪ್ರಾಣಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಬರೆದಿಡುವ ಪುಸ್ತಕವನ್ನು, ಕೇಳಿ ಪಡೆದು ಓದಿದೆ. ಹುಡುಕಿ ತೆಗೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಯಾರೂ ಮಗುಚದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೀನುಗಳ ಪಟ್ಟಿಯಲ್ಲಿ ಸಮುದ್ರದ ಬಂಗಡೆ, ಭೂತಾಯಿಯ ಹೆಸರಿತ್ತು. ಕರಾವಳಿಯ ಯಾವುದೋ ಪಂಚಾಯಿತಿಯ ಪಟ್ಟಿಯನ್ನು ಇದ್ದಂತೆಯೇ ನಕಲು ಮಾಡಿದ್ದರು. ಆದರೆ ಆ ಊರಿನ ಎಷ್ಟೋ ಮನೆಗಳ ಮಳೆಗಾಲದ ಸಂಪಾದನೆಯಾದ ಉಪ್ಪಾಗೆಯ (ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಮಾರುವ ಕಾಡುಮರ) ಹೆಸರು ಎಲ್ಲಿಯೂ ಇರಲಿಲ್ಲ. ನನ್ನನ್ನು ಹೆಚ್ಚು ನೋಯಿಸಿದ್ದು ಇದು.

ಹೀಗೇಕಾಯಿತು ಎಂಬುದು ಗುಟ್ಟೇನಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಊರಿನ ಜನರೊಡನೆ ಸಮಾಲೋಚಿಸಿ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸ. ವರ್ಷಗಟ್ಟಲೆ ಇದನ್ನು ಕೇಳುವವರೇ ಇರಲಿಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿತು. ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ಎಚ್ಚರಿಸಿತು. ಆಮೇಲೆ ನಡೆದದ್ದು ಓಟ. ದೇಶದಲ್ಲಿ ಸಮಿತಿಗಳ ಸಂಖ್ಯೆ ಎರಡೂವರೆ ಲಕ್ಷ ದಾಟಿತು, ಪುಸ್ತಕಗಳೂ ಸಿದ್ಧವಾದವು. ಎಷ್ಟೋ ಕಡೆ ಸದಸ್ಯರಿಗೆ ತಾವು ಸದಸ್ಯರೆಂಬುದೇ ಗೊತ್ತಿಲ್ಲ.

ಈ ಓಟದಲ್ಲಿ ನಮ್ಮಂಥ ಸ್ವಯಂಸೇವಾ ಸಂಸ್ಥೆಗಳ ಪಾಲೂ ಇದೆ. ಸಂರಕ್ಷಣೆಯ ಕೆಲಸದಲ್ಲಿ ಹಲವು ವರ್ಷಗಳಿಂದ ಇರುವವಳಾಗಿ ಇದನ್ನು ಒಪ್ಪಿಕೊಳ್ಳಲೇಬೇಕು. ಪುಸ್ತಕಕ್ಕೆ ಇಷ್ಟು ಎಂದು ದರ ಗೊತ್ತುಮಾಡಿ ಕೆಲಸ ಕೊಟ್ಟಾಗ ನಾವೂ ಒಪ್ಪಿಕೊಂಡೆವು. ಒಂದು ಊರಿಗೆ ಎರಡು ದಿನ, ಮೂರು ದಿನ. ಮಳೆಗಾಲದ ಅಣಬೆಯನ್ನೂ ಬೇಸಿಗೆಯ ಜೇನನ್ನೂ ಒಂದೇ ವಾರದಲ್ಲಿ ಯಾರು ತಾನೇ ದಾಖಲಿಸಬಲ್ಲರು? ಅಂದು ಬೇಡವೆನ್ನಬೇಕಿತ್ತು.

ಪುಸ್ತಕದಲ್ಲಿ ಉಪ್ಪಾಗೆ ಇಲ್ಲದಿದ್ದರೆ ಏನು ನಷ್ಟ ಎಂದು ಕೆಲವರು ಕೇಳುತ್ತಾರೆ. ಅದೇ ಊರಿನ ಹಿರಿಯರೊಬ್ಬರು ನನ್ನನ್ನು ಹಳ್ಳದ ಬದಿಯ ಒಂದು ಉಪ್ಪಾಗೆ ಮರದ ಬಳಿಗೆ ಕರೆದೊಯ್ದರು. ಮೇಲಿನ ಎರಡು ದೊಡ್ಡ ಕೊಂಬೆಗಳು ಕತ್ತಿಯೇಟಿಗೆ ಉರುಳಿದ್ದವು, ಕಡಿದ ಜಾಗದಲ್ಲಿ ಹಳದಿ ಮೇಣ ಒಸರಿ ಗಟ್ಟಿಯಾಗಿತ್ತು. "ನಮ್ಮ ಅಪ್ಪನ ಕಾಲದಲ್ಲಿ ಬಿದ್ದ ಹಣ್ಣನ್ನಷ್ಟೇ ಹೆಕ್ಕುತ್ತಿದ್ದೆವು. ಈಗ ಕಾಯಿ ಹಣ್ಣಾಗುವವರೆಗೆ ಕಾದರೆ ಬೇರೆಯವರು ಒಯ್ಯುತ್ತಾರೆ ತಂಗಿ" ಎಂದರು. ತೂಕ ಇಳಿಸುವ ಮಾತ್ರೆಗಳಿಗೆಂದು 1990ರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಬಂದ ಮೇಲೆ ಸಿಪ್ಪೆಯ ಬೆಲೆ ಏರಿತು, ಕತ್ತಿ ಕೊಂಬೆಗೆ ಬಿತ್ತು. ಜಡಿಮಳೆಯಲ್ಲಿ ಸಿಪ್ಪೆ ಒಣಗಿಸಲು ರಾಶಿಗಟ್ಟಲೆ ಸೌದೆಯೂ ಬೇಕು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಇದೇ ಹಣ್ಣು ಆಹಾರ.

ಇಲ್ಲಿ ಕಾಯ್ದೆಯ 41ನೇ ಕಲಂ ನೆರವಿಗೆ ಬರುತ್ತದೆ. ತನ್ನ ವ್ಯಾಪ್ತಿಯಿಂದ ವ್ಯಾಪಾರಕ್ಕಾಗಿ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಗೆ ಸಮಿತಿ ಶುಲ್ಕ ವಿಧಿಸಬಹುದು. ಆ ಸಂಪನ್ಮೂಲದ ಬಳಕೆಯ ಬಗ್ಗೆ ತೀರ್ಮಾನ ಕೈಗೊಳ್ಳುವ ಮೊದಲು ರಾಜ್ಯದ ಜೀವವೈವಿಧ್ಯ ಮಂಡಳಿ ಸಮಿತಿಯನ್ನು ಕೇಳಲೇಬೇಕು. ಆದರೆ ತನ್ನ ಊರಿನಲ್ಲಿ ಏನಿದೆ, ಯಾವಾಗ ಹಣ್ಣಾಗುತ್ತದೆ, ಎಷ್ಟು ಕೊಯ್ದರೆ ಮರಕ್ಕೆ ಪೆಟ್ಟಿಲ್ಲ ಎಂದು ಬರೆದಿಟ್ಟುಕೊಳ್ಳದ ಸಮಿತಿ ಯಾವ ಆಧಾರದ ಮೇಲೆ ಮಾತನಾಡಬೇಕು?

ಜೊತೆಗಿದ್ದು ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ನಡುವೆ ನೆಲೆಸಿದೆ. ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯವರು ಸೋಲಿಗರೊಂದಿಗೆ ಕಾಡು ಸುತ್ತಿ ಅವರ ದೇವರ ತಾಣಗಳ ನಕ್ಷೆ ಬರೆದರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು, ಅಂದರೆ ಕಾಡನ್ನು ಸಮುದಾಯವಾಗಿ ಬಳಸುವ ಹಕ್ಕು, ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹತ್ತಾರು ವರ್ಷ ಒಂದೇ ಕಡೆ ಬೇರೂರಿದ ಕೆಲಸ ಅದು. ಅಲ್ಲಿ ಕಾಡನ್ನು ಬಲ್ಲವರು ಸೋಲಿಗರು, ಸಂಸ್ಥೆಗಳು ಅವರ ಬೆನ್ನಿಗೆ ನಿಂತವು.

ಅಂಥ ದೀರ್ಘ ಕೆಲಸಕ್ಕೆ ಈಗ ಹಣ ಸಿಗುವುದು ಕಷ್ಟ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆಗಳು ಆ ದೇಣಿಗೆಯನ್ನು ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹಂಚುವಂತಿಲ್ಲ. ಹಾಗಾಗಿ ರಾಜ್ಯ ಸರ್ಕಾರದ ಜವಾಬ್ದಾರಿ ಹೆಚ್ಚಿದೆ. ಜೀವವೈವಿಧ್ಯ ಮಂಡಳಿ ಪುಸ್ತಕದ ಲೆಕ್ಕದಲ್ಲಿ ಹಣ ಕೊಡುವುದನ್ನು ನಿಲ್ಲಿಸಿ, ಒಂದು ಸಮಿತಿಯ ಜೊತೆ ಕನಿಷ್ಠ ಐದು ವರ್ಷ ಇರುವ ಸಂಸ್ಥೆಗಳಿಗೆ ನೆರವು ನೀಡಲಿ. ಪ್ರತಿ ಋತುವಿನಲ್ಲೂ ದಾಖಲಾತಿ ಪರಿಷ್ಕರಣೆಯಾಗಲಿ, ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಲಿ. ಸಮಿತಿಯಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕೆಂದು 2004ರ ನಿಯಮಗಳೇ ಹೇಳಿದ್ದವು. ಸೊಪ್ಪು, ಗೆಡ್ಡೆ, ಬೀಜಗಳ ವಿಷಯ ಬಲ್ಲ ಆ ಮಹಿಳೆಯರನ್ನು ಹಾಜರಿ ಪುಸ್ತಕದ ಸಹಿಗೆ ಮಾತ್ರ ಕರೆಯಬಾರದು. ಮತ್ತೊಂದು ಮಾತು: ನಾಟಿವೈದ್ಯರು ನಂಬಿ ಹೇಳಿದ ಔಷಧದ ವಿವರ ಅವರ ಒಪ್ಪಿಗೆಯಿಲ್ಲದೆ ಯಾವ ಸಂಸ್ಥೆಯ ಕಡತಕ್ಕೂ ಹೋಗಕೂಡದು, ನಮ್ಮದಕ್ಕೂ.

ಆ ಪಂಚಾಯಿತಿಯ ಸಮಿತಿಯ ಅಧ್ಯಕ್ಷರೊಂದಿಗೆ ಮಾತನಾಡಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಪುಸ್ತಕವನ್ನು ತೆರೆದು ಓದಲು ಒಪ್ಪಿದ್ದಾರೆ. ಹಳ್ಳದ ಬದಿಯ ಮರ ತೋರಿಸಿದ ಹಿರಿಯರೂ ಬರುತ್ತೇನೆಂದಿದ್ದಾರೆ. ಉಪ್ಪಾಗೆ ಹಣ್ಣಾಗುವ ಮೊದಲೇ ಆ ಸಭೆ ನಡೆಯಬೇಕು.

— ಸಂರಕ್ಷಣಾ ಕಾರ್ಯಕರ್ತೆ, ಉತ್ತರ ಕನ್ನಡ