ಹೊಗೆ ಪುಸ್ತಕದ ಕೊನೇ ಹಾಳೆ

ಹೋದ ವರ್ಷದ ಸಂಕ್ರಾಂತಿ ಕಳೆದ ಮಾರನೇ ದಿನ ಶುರು ಮಾಡಿದ್ದ ನೋಟ್‌ಬುಕ್ಕು ಈ ಸಂಕ್ರಾಂತಿಗೆ ತುಂಬಿತು. ರಟ್ಟಿನ ಮೇಲೆ ನಮ್ಮ ಆಶಾ ಕಾರ್ಯಕರ್ತೆಯೊಬ್ಬಳು ದಪ್ಪ ಸ್ಕೆಚ್ ಪೆನ್ನಿನಲ್ಲಿ ‘ಹೊಗೆ ಪುಸ್ತಕ’ ಅಂತ ಬರೆದಿದ್ದಾಳೆ. ಹಾಸನದಲ್ಲಿ ನಾನು ನರ್ಸ್ ಆಗಿರುವ ಆರೋಗ್ಯ ಕೇಂದ್ರದ ಸುತ್ತಲಿನ ಬೀದಿಗಳಲ್ಲಿ ಯಾವ ಹೊತ್ತಿಗೆ, ಎಲ್ಲಿ, ಏನು ಸುಡುತ್ತಿದ್ದರು ಅನ್ನುವುದಷ್ಟೇ ಅದರಲ್ಲಿರುವುದು. ಇಷ್ಟಕ್ಕೆಲ್ಲ ಒಂದು ಕೃತಜ್ಞತೆಯ ಬರಹ ಬೇಕಾ ಅನ್ನಬಹುದು. ಬೇಕು. ಶುರುವಿನಲ್ಲಿ ನಾನು ಯಾರ ಮೇಲೆ ಸಿಡುಕಿದ್ದೆನೋ ಅವರೇ ವರ್ಷಪೂರ್ತಿ ಕೈಹಿಡಿದು ನಡೆಸಿದರು. ಅವರನ್ನು ನೆನೆಯದೆ ಎರಡನೇ ಪುಸ್ತಕ ತೆಗೆಯೋಕೆ ಮನಸ್ಸು ಒಪ್ಪಲಿಲ್ಲ.

ಮೊದಲು ನಮ್ಮ ಅವ್ವ. ಬೀಡಿ ವಾಸನೆ ಬಂದರೆ ಸೆರಗು ಮೂಗಿಗೆ ಒತ್ತಿಕೊಳ್ಳುವವಳು. ಅವಳಿಗೆ ಎರಡು ಚಳಿಗಾಲ ಬಿಡದ ಕೆಮ್ಮು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯ ಡಾಕ್ಟರು ಪರೀಕ್ಷೆ ಮಾಡಿ, ಸಿಒಪಿಡಿ ಅಂದರು, ಅಂದರೆ ಉಸಿರಿನ ನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. “ಸೌದೆ ಒಲೆ ಎಷ್ಟು ವರ್ಷ ಊದಿದ್ದೀರಿ ಅಜ್ಜಿ?” ಅಂತ ಕೇಳಿದ್ದಕ್ಕೆ, “ಮದ್ವೆಯಾಗಿ ಬಂದಾಗ್ಲಿಂದ ಕಣಪ್ಪ, ಅದುಕ್ ಮುಂಚೆ ತವರಲ್ಲಿ” ಅಂದಳು. ಉಸಿರಿನ ರಭಸ ಅಳೆಯೋಕೆ ಪೀಕ್ ಫ್ಲೋ ಮೀಟರ್ ಕೈಗಿಟ್ಟು, ಜೋರಾಗಿ ಊದಿ ಅಂದರೆ ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೂ ಊದ್ಗೊಳ್ವೆನೇಯಾ?” ಅಂತ ಕೇಳಿದಳು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನಮ್ಮನೆಗೆ ಗ್ಯಾಸ್ ಬಂದು ಬಹಳ ಕಾಲವಾಗಿದೆ. ಅಡುಗೆಮನೆಯಲ್ಲಿ ಹೊಗೆಯಿಲ್ಲ. ಆದರೆ ಬಚ್ಚಲಲ್ಲಿ ಹಂಡೆ ಒಲೆ ಹಾಗೇ ಉರಿಯುತ್ತಿತ್ತು. ಹಾಸನದ ಚಳಿ ಗೊತ್ತಿರುವವರಿಗೆ ಹಂಡೆ ನೀರಿನ ಸುಖ ಹೇಳಬೇಕಿಲ್ಲ. ಹಸಿ ಸೌದೆ ಬೇಗ ಹತ್ತಲಿ ಅಂತ ಅವ್ವ ಅದರ ಕೆಳಗೆ ತೊಳೆದಿಟ್ಟ ಹಾಲಿನ ಪ್ಯಾಕೆಟ್ ಒಂದೆರಡು ತುರುಕುತ್ತಿದ್ದಳು. ಮನೆಮನೆಗೆ ಹೋಗಿ ‘ಒಲೆ ಹೊಗೆ ಕೆಟ್ಟದ್ದು’ ಅಂತ ಹೇಳುವ ಕೆಲಸದವಳು ನಾನು! ಹೊಗೆ ಪುಸ್ತಕದ ಮೊದಲ ಸಾಲು ನಮ್ಮನೆಯದೇ: ಬೆಳಿಗ್ಗೆ ಐದೂವರೆ, ಸೌದೆ, ತೆಂಗಿನ ಮಟ್ಟೆ, ಎರಡು ಹಾಲಿನ ಪ್ಯಾಕೆಟ್ಟು. ಬರೆಯೋಕೆ ಒಪ್ಪಿದ್ದು ಅವ್ವ. “ನಮ್ದು ಬರ್ದು ಆಮ್ಯಾಕೆ ಊರೋರ್ದು ಬರಿ” ಅಂದಳು. ಆ ಒಂದು ಮಾತಿನಿಂದ ಬೇರೆ ಮನೆಗಳ ಬಾಗಿಲು ನನಗೆ ಎಷ್ಟು ಸಲೀಸಾಗಿ ತೆರೆದವೆಂದರೆ, ಅದರ ಋಣ ತೀರುವಂಥದ್ದಲ್ಲ. ಈಗ ಸೋಲಾರ್ ಹಾಕಿಸಿದ್ದೇವೆ. ಸೋಲಾರ್ ನೀರಿಗೆ ಮೈನೋವು ಹೋಗಲ್ಲ ಅಂತ ಅವ್ವನ ತಕರಾರು ಇದ್ದೇ ಇದೆ. ಮೋಡ ಕವಿದ ದಿನ ಕಣ್ಣುತಪ್ಪಿಸಿ ಹಂಡೆ ಹಚ್ಚಿದ್ದೂ ಉಂಟು. ಅದೂ ಪುಸ್ತಕದಲ್ಲಿದೆ.

ಆಮೇಲೆ ನಮ್ಮ ಬೀದಿ ಗುಡಿಸುವ ಅಕ್ಕ. ಎಲೆ ರಾಶಿಗೆ ಬೆಂಕಿ ಇಟ್ಟಿದ್ದಳೆಂದು ಒಂದು ಬೆಳಿಗ್ಗೆ ರೇಗಿದೆ. ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿಯಾದರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ ಗೊತ್ತಾ ಅಂತಲೂ ಅಂದೆ. ಅವಳು ಪೊರಕೆ ನೆಲಕ್ಕೆ ಹಾಕಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. “ಈ ಎಲೆನೆಲ್ಲಾ ತಲೆ ಮೇಲೆ ಹೊತ್ಕಂಡು ಮನೆಗೆ ಹೋಗ್ಲಾ ಸಿಸ್ಟರ್? ಗಾಡಿಯವ್ರು ಎಲೆ ಹಾಕ್ಕಳಲ್ಲ ಅಂತಾರೆ. ರೋಡು ಮಾತ್ರ ಕ್ಲೀನಾಗಿರ್ಬೇಕು. ಹೊಗೆ ಮೊದ್ಲು ಕುಡಿಯೋಳೂ ನಾನೇ, ದಂಡನೂ ನನಗೇನಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ದಂಡದ ಬೋರ್ಡು ಬರೆಸುವ ಯೋಚನೆ ಅಲ್ಲಿಗೇ ಬಿಟ್ಟೆವು. ಎಲ್ಲೆಲ್ಲಿ ಎಲೆ ಜಾಸ್ತಿ ಬೀಳುತ್ತೆ, ಯಾವ ಮನೆಯವರು ಡೈಪರನ್ನೂ ಎಲೆ ಜೊತೆ ಸೇರಿಸಿ ಹೊರಗಿಡುತ್ತಾರೆ, ಯಾವ ಅಂಗಡಿ ಹಿಂದೆ ಕತ್ತಲಾದ ಮೇಲೆ ಬೆಂಕಿ ಬೀಳುತ್ತೆ, ಎಲ್ಲವೂ ಅವಳಿಗೆ ಬಾಯಿಪಾಠ. ಪುಸ್ತಕದ ಅರ್ಧಕ್ಕಿಂತ ಹೆಚ್ಚು ಅವಳು ಹೇಳಿ ನಾವು ಬರೆದದ್ದು. ಶಾಲೆಯ ಹಿತ್ತಲಲ್ಲಿ ಎಲೆಗೊಬ್ಬರದ ಗುಂಡಿಗೆ ಜಾಗ ಕೊಟ್ಟ ಹೆಡ್‌ಮಾಸ್ಟರಿಗೆ, ಹಾವು ಸೇರುತ್ತೆ ಅಂತ ಮೂರು ವಾರ ವಿರೋಧಿಸಿ ಆಮೇಲೆ ತಾವೇ ಸಗಣಿ ಬಗ್ಗಡ ತಂದು ಸುರಿದ ಪಕ್ಕದ ಮನೆಯ ನಿವೃತ್ತ ಯಜಮಾನರಿಗೆ ಕೈಮುಗಿಯುತ್ತೇನೆ. ಹಾವು ಇನ್ನೂ ಬಂದಿಲ್ಲ. ಹೆಗ್ಗಣ ಬಂದಿದೆ.

‘ಬಡವರ ಊಟಿ’ ಅನ್ನಿಸಿಕೊಂಡ ಊರಲ್ಲಿ ಗಾಳಿ ಕೆಟ್ಟಿದೆ ಅಂದರೆ ಮೊದಮೊದಲು ಎಲ್ಲರೂ ನಕ್ಕಿದ್ದರು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ, ಹಾಸನ ಇಲ್ಲ. ಪಟ್ಟಿಯಲ್ಲಿಲ್ಲ ಅಂದರೆ ಹೊಗೆಯೂ ಇಲ್ಲ ಅಂತ ಜನ ತಿಳಿದುಕೊಳ್ಳುತ್ತಾರೆ. ಆ ಭ್ರಮೆ ಒಡೆದವನು ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ. ಗಾಳಿಯೊಳಗೆ ಲೇಸರ್ ಬೆಳಕು ಹಾಯಿಸಿ ದೂಳಿನ ಕಣ ಅಳೆಯುವ ಪುಟ್ಟ ಪೆಟ್ಟಿಗೆ ಜೋಡಿಸಿ ತಂದ. ಅದು ಹುಡುಕುವುದು ಪಿಎಂ 2.5 ಅನ್ನು: 2.5 ಮೈಕ್ರಾನ್‌ಗಿಂತ ಸಣ್ಣ ಕಣ, ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತ ಚಿಕ್ಕದು. ಮೂಗು, ಗಂಟಲು ಯಾವುದೂ ಅದನ್ನು ತಡೆಯುವುದಿಲ್ಲ. ಶ್ವಾಸಕೋಶದ ತಳ ಮುಟ್ಟಿ ರಕ್ತಕ್ಕೂ ಸೇರುತ್ತದೆ. ಹೊಗೆಯಿಂದ ಕೆಮ್ಮು ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯುವೂ ಬರುವುದು ಅದಕ್ಕೇ. ನಮ್ಮ ದೇಶದ ಮಾನದಂಡದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂವರೆಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಮೊದಲ ದಿನ ಬೆಳಿಗ್ಗೆ ಪೆಟ್ಟಿಗೆ ತೋರಿಸಿದ ಅಂಕಿ ನೋಡಿ ನಾವು ಗಾಬರಿಬಿದ್ದೆವು. ಹುಡುಗ ಕಿಟಕಿಯಾಚೆಯ ಮಂಜು ತೋರಿಸಿ, “ಮೇಡಂ, ಇದು ಮಂಜಿನ ಹನಿಯನ್ನೂ ದೂಳು ಅಂದ್ಕೊಂಡು ಎಣಿಸ್ತಾ ಇದೆ” ಅಂದ. ತಾನೇ ಮಾಡಿದ ವಸ್ತುವಿನ ಸುಳ್ಳನ್ನು ತಾನೇ ಒಪ್ಪಿಕೊಳ್ಳುವ ಹುಡುಗರು ಎಷ್ಟು ಜನ ಸಿಕ್ಕಾರು? ಮಂಜು ಕರಗಿದ ಮೇಲಿನ ಲೆಕ್ಕವನ್ನೇ ನಂಬಿದೆವು. ಚಳಿಗಾಲದ ಬೆಳಿಗ್ಗೆ ತಣ್ಣನೆಯ ಭಾರದ ಗಾಳಿ ನೆಲಕ್ಕೇ ಕೂತಿರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದಂತೆ ಇರುತ್ತದೆ, ಹಂಡೆಯ ಹೊಗೆಯೂ ಎಲೆಯ ಹೊಗೆಯೂ ಮೇಲೇಳದೆ ಬೀದಿಯಲ್ಲೇ ಹೊರಳಾಡುತ್ತವೆ ಅಂತ ಶಾಲೆಯ ಮಕ್ಕಳಿಗೆ ಅವನೇ ತಿಳಿಸಿಹೇಳಿದ. ನನ್ನ ಸ್ಕೂಟರಿನ ಎಮಿಷನ್ ಟೆಸ್ಟ್ ಅವಧಿ ಮುಗಿದದ್ದನ್ನು ಎಲ್ಲರೆದುರು ಹೇಳಿದವನೂ ಅವನೇ. ಅದಕ್ಕೆ ಥ್ಯಾಂಕ್ಸ್ ಹೇಳಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿವರೆಗಿನ ದಿನಗಳಲ್ಲಿ, ಜನ, ವಾಹನ, ಪಟಾಕಿ ಎಲ್ಲ ಸೇರಿದಾಗ, ದಮ್ಮಿನವರ ಮನೆಗಳಿಗೆ ಇನ್‌ಹೇಲರ್ ಇದೆಯೋ ಇಲ್ಲವೋ ಅಂತ ವಿಚಾರಿಸಿಕೊಂಡು ಬಂದವರು ನಮ್ಮ ಆಶಾಗಳು. ಅವರಿಗೆ ಬರಬೇಕಾದ ಪ್ರೋತ್ಸಾಹಧನದ ಪಟ್ಟಿಯಲ್ಲಿ ಈ ಕೆಲಸ ಇಲ್ಲ.

ನಮ್ಮ ಕೇಂದ್ರದ ಡಾಕ್ಟರಿಗೂ ಋಣಿ. ಹವಾಮಾನ ಬದಲಾವಣೆ ಅಂದರೆ ಉತ್ತರ ಧ್ರುವದ ಹಿಮದ ವಿಷಯ, ನಮಗೇನು ಅಂತ ನಾನು ಅಂದಾಗ ಅವರು ಅವ್ವನ ಹಳೇ ಅಡುಗೆಮನೆಯ ಇಲ್ಲಣ ನೆನಪಿಸಿದರು. ಅಟ್ಟಕ್ಕೆ ಜೋತುಬೀಳುವ ಆ ಮಸಿಯೇ ಆಕಾಶ ಸೇರಿದರೆ ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ. ಇಂಗಾಲದ ಡೈಆಕ್ಸೈಡ್ ನೂರಾರು ವರ್ಷ ಮೇಲೇ ಉಳಿದರೆ, ಈ ಮಸಿ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರದಲ್ಲಿ ಇಳಿದುಬಿಡುತ್ತದೆ. ಅಂದರೆ ಇವತ್ತು ಆರಿಸಿದ ಒಲೆಯ ಲಾಭ ಎದೆಗೂ ಬೇಗ, ಆಕಾಶಕ್ಕೂ ಬೇಗ. ಎರಡೂ ಬೇರೆ ಬೇರೆ ಕೆಲಸ ಅಂದುಕೊಂಡಿದ್ದ ನನಗೆ ಆ ಮಧ್ಯಾಹ್ನ ಒಳ್ಳೇ ಪಾಠವಾಯಿತು.

ಸಂಕ್ರಾಂತಿ ಸಂಜೆ ಬಡಾವಣೆಯ ಅಂಚಿನ ಹಳ್ಳಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಪುಸ್ತಕದಲ್ಲಿ ಒಂದೇ ಸಾಲು ಉಳಿದಿತ್ತು. “ಸಿಸ್ಟರ್, ಇದನ್ನೂ ಬರೀಬೇಕಾ?” ಅಂತ ಆಶಾ ಕೇಳಿದಳು. ನಾನು ತಡವರಿಸಿದೆ. ಅವ್ವ ಶಾಲು ಬಾಯಿಗೆ ಕಟ್ಟಿಕೊಂಡು ದೂರದಲ್ಲಿ ನಿಂತಿದ್ದಳು. ಅಲ್ಲಿಂದಲೇ ಕೂಗಿದಳು:

“ಬರಿಯವ್ವ. ಬರೀ ಹುಲ್ಲು ಅಂತ ಬರಿ. ಪ್ಲಾಸ್ಟಿಕ್ ಇರ್ಲಿಲ್ಲ ಅಂತಾನೂ ಬರಿ.”