ರೂಟರ್ ಪೆಟ್ಟಿಗೆಯ ಮೇಲೆ ಅಚ್ಚಾಗದ ಎರಡು ವಿವರಗಳು

ಮಾನ್ಯ ಸಂಪಾದಕರೇ,

ಮನೆಗೆ ಕಡಿಮೆ ಬೆಲೆಯ ವೈಫೈ ರೂಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ನೋಡುವುದು ಎರಡನ್ನೇ: ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವೇಗದ ಅಂಕಿ ಮತ್ತು ಎದ್ದು ನಿಂತ ಆಂಟೆನಾಗಳ ಸಂಖ್ಯೆ. ಕೊಂಡ ಮೇಲೆ ರೂಟರ್ ಹೇಗೆ ಕೆಲಸ ಮಾಡೀತು, ಎಷ್ಟು ಕಾಲ ಸುರಕ್ಷಿತವಾಗಿ ಬಾಳೀತು ಎಂಬುದನ್ನು ಇವೆರಡೂ ಸರಿಯಾಗಿ ತಿಳಿಸುವುದಿಲ್ಲ. ಅದನ್ನು ತಿಳಿಸಬಲ್ಲ ವಿವರಗಳೆಂದರೆ ಹಿಂಬದಿಯ ಪೋರ್ಟುಗಳ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳ, ವೇಗ ಮತ್ತು ತಯಾರಕರು ಎಷ್ಟು ವರ್ಷ ಫರ್ಮ್‌ವೇರ್ (ರೂಟರನ್ನು ನಡೆಸುವ ಒಳಗಿನ ತಂತ್ರಾಂಶ) ಅಪ್‌ಡೇಟ್ ಕೊಡುತ್ತಾರೆ ಎಂಬುದು. ಮೊದಲನೆಯದು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸಿಕ್ಕಿದರೆ ಪುಣ್ಯ. ಎರಡನೆಯದು ಹೆಚ್ಚಿನ ಪೆಟ್ಟಿಗೆಗಳ ಮೇಲೆ ಇರುವುದೇ ಇಲ್ಲ. ಈ ಕೊರತೆಯತ್ತ ಓದುಗರ ಮತ್ತು ತಯಾರಕರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಅಗ್ಗದ ರೂಟರುಗಳಲ್ಲಿ ಹೆಚ್ಚಾಗಿ ಕಾಣುವ ‘ಎಸಿ 1200’ ಎಂಬ ಹಣೆಪಟ್ಟಿಯನ್ನೇ ತೆಗೆದುಕೊಳ್ಳೋಣ. ಇಂಥ ರೂಟರ್ ಎರಡು ಬ್ಯಾಂಡುಗಳಲ್ಲಿ, ಅಂದರೆ ರೇಡಿಯೋ ಅಲೆಗಳ ಎರಡು ಪಟ್ಟಿಗಳಲ್ಲಿ, ಪ್ರಸಾರ ಮಾಡುತ್ತದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನ ಸೆಕೆಂಡಿಗೆ 300 ಮೆಗಾಬಿಟ್ ಮತ್ತು 5 ಗಿಗಾಹರ್ಟ್ಸ್ ಬ್ಯಾಂಡಿನ 867 ಮೆಗಾಬಿಟ್‌ಗಳನ್ನು ಕೂಡಿಸಿ, ಬಂದ 1167ನ್ನು ಮೇಲಕ್ಕೇರಿಸಿ 1200 ಎಂದು ಬರೆದಿರುತ್ತಾರೆ. ನಮ್ಮ ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಈ ಎರಡರಲ್ಲಿ ಒಂದು ಬ್ಯಾಂಡನ್ನು ಮಾತ್ರ ಬಳಸುವುದರಿಂದ ಈ ಮೊತ್ತ ಅದಕ್ಕೆ ದಕ್ಕುವಂಥದ್ದಲ್ಲ. ಅಲ್ಲದೆ 867 ಎಂಬುದು ರೂಟರ್ ಮತ್ತು ಫೋನಿನ ನಡುವಿನ ರೇಡಿಯೋ ಸಂಪರ್ಕದ ಗರಿಷ್ಠ ವೇಗ. ಸಂಕೇತಗಳ ವಿನಿಮಯ, ಸರದಿ ಕಾಯುವಿಕೆ, ಕಳೆದುಹೋದ ತುಣುಕುಗಳ ಮರುರವಾನೆ ಇವೆಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ, ಒಂದೇ ಕೋಣೆಯಲ್ಲಿ ಕುಳಿತರೂ ಅದರ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಕೈಗೆ ಸಿಗುತ್ತದೆ. ಇಷ್ಟಾದರೂ ದೂರುವಂಥದ್ದೇನಿಲ್ಲ, ಜಾಹೀರಾತು ಎಂದರೆ ಅಷ್ಟೇ ಎಂದು ಬಿಡಬಹುದು. ನಿಜವಾದ ತೊಡಕು ರೂಟರಿನ ಹಿಂಬದಿಯಲ್ಲಿದೆ.

ಇಂಟರ್ನೆಟ್ ಕೇಬಲ್ ಬಂದು ಸೇರುವ ಪೋರ್ಟು ಅನೇಕ ಅಗ್ಗದ ಮಾದರಿಗಳಲ್ಲಿ 100 ಮೆಗಾಬಿಟ್‌ಗೆ ಸೀಮಿತವಾಗಿರುತ್ತದೆ. ಮುಂದೆ ‘1200’ ಎಂದು ಬರೆದ ರೂಟರಿನ ಬೆನ್ನಿಗೆ 100ರ ಪೋರ್ಟು ಇದ್ದರೆ, 300 ಮೆಗಾಬಿಟ್‌ನ ಪ್ಲ್ಯಾನ್ ಹಾಕಿಸಿಕೊಂಡವರಿಗೂ ವೇಗ ಪರೀಕ್ಷೆಯಲ್ಲಿ 94ರ ಆಸುಪಾಸು ಮಾತ್ರ ಕಾಣುತ್ತದೆ. ಗ್ರಾಹಕರು ಸೇವಾ ಸಂಸ್ಥೆಗೆ ದೂರು ಕೊಡುತ್ತಾರೆ, ಸಂಸ್ಥೆಯವರು ತಮ್ಮ ಲೈನು ಸರಿಯಿದೆ ಎನ್ನುತ್ತಾರೆ. ಇಬ್ಬರ ಮಾತೂ ಸತ್ಯವೇ ಆಗಿರುತ್ತದೆ. ಒಂದೇ ಕಂಪನಿಯ, ಒಂದೇ ‘ಎಸಿ 1200’ ಹಣೆಪಟ್ಟಿಯ ಎರಡು ಮಾದರಿಗಳಲ್ಲಿ ಒಂದಕ್ಕೆ 100ರ ಪೋರ್ಟು, ಇನ್ನೊಂದಕ್ಕೆ 1000ದ ಪೋರ್ಟು ಇರುವುದೂ ಉಂಟು. ವಿವರಪಟ್ಟಿಯಲ್ಲಿ ‘10/100’ ಎಂದಷ್ಟೇ ಇದ್ದರೆ ಅದು ಮೊದಲನೆಯ ಬಗೆ. ‘10/100/1000’ ಅಥವಾ ‘ಗಿಗಾಬಿಟ್ ಪೋರ್ಟ್’ ಎಂದಿದ್ದರೆ ಎರಡನೆಯದು. ಪ್ಲ್ಯಾನಿನ ವೇಗ 100ಕ್ಕಿಂತ ಕಡಿಮೆಯಿದ್ದು, ಮುಂದೆಯೂ ಏರಿಸುವ ವಿಚಾರವಿಲ್ಲದವರು ಗಿಗಾಬಿಟ್ ಪೋರ್ಟಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ ಎಂಬುದನ್ನೂ ಹೇಳಬೇಕು.

ಪೋರ್ಟು ಸರಿಯಿದ್ದೂ ವೇಗ 94ಕ್ಕೆ ನಿಂತರೆ ಕೇಬಲ್ಲನ್ನು ನೋಡಬೇಕು. ಅದರ ತುದಿಯ ಪಾರದರ್ಶಕ ಕನೆಕ್ಟರನ್ನು ಬೆಳಕಿಗೆ ಹಿಡಿದರೆ ಬಣ್ಣಬಣ್ಣದ ಎಂಟು ತಂತಿಗಳು ಸಾಲಾಗಿ ಕೂತಿರುವುದು ಕಾಣುತ್ತದೆ. ಇವು ನಾಲ್ಕು ಜೋಡಿ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. 100ಕ್ಕೆ ಬೇಡದ ಎರಡು ಜೋಡಿಗಳಲ್ಲಿ ಒಂದು ತಂತಿಯ ತುದಿ ಹಿತ್ತಾಳೆ ಬಣ್ಣದ ಹಲ್ಲಿಗೆ ಸರಿಯಾಗಿ ತಾಗದಿದ್ದರೂ, ಇಲ್ಲವೇ ಕೇಬಲ್ ಎಳೆದವರು ನಾಲ್ಕೇ ತಂತಿಗಳನ್ನು ಕೂರಿಸಿ ಕೆಲಸ ಮುಗಿಸಿದ್ದರೂ, ಎರಡೂ ಬದಿಯ ಉಪಕರಣಗಳು ಗಿಗಾಬಿಟ್ ಆಗಿದ್ದುಕೊಂಡೇ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಎಚ್ಚರಿಕೆಯ ಸಂದೇಶ ಬರುವುದಿಲ್ಲ, ದೀಪವೂ ಮಿನುಗುತ್ತಲೇ ಇರುತ್ತದೆ. ಕೇಬಲ್ ಬದಲಿಸುವ ಖರ್ಚು ರೂಟರ್ ಬದಲಿಸುವ ಖರ್ಚಿನ ಒಂದು ಸಣ್ಣ ಪಾಲಷ್ಟೇ ಆದ್ದರಿಂದ, ಹೊಸ ರೂಟರಿಗೆ ಹಣ ಸುರಿಯುವ ಮೊದಲು ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಆಂಟೆನಾಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರೂಟರ್ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ಕಾನೂನಿನ ಮಿತಿಯಿದೆ; ಆಂಟೆನಾಗಳನ್ನು ಹೆಚ್ಚಿಸಿ ಅದನ್ನು ಮೀರುವಂತಿಲ್ಲ. ಮೇಲಾಗಿ ಸಂಪರ್ಕ ಎರಡೂ ಕಡೆಯಿಂದ ನಡೆಯಬೇಕು. ರೂಟರಿನ ಧ್ವನಿ ಫೋನಿಗೆ ಕೇಳಿಸಿದರೂ, ಫೋನಿನ ಕ್ಷೀಣ ಧ್ವನಿ ರೂಟರನ್ನು ಮುಟ್ಟದಿದ್ದರೆ ಪರದೆಯ ಮೇಲೆ ಸಿಗ್ನಲ್ ಗೆರೆಗಳು ಕಾಣುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ. ನಾಲ್ಕು ಆಂಟೆನಾಗಳ ಎಷ್ಟೋ ಅಗ್ಗದ ರೂಟರುಗಳಲ್ಲಿ ಪ್ರತಿ ಬ್ಯಾಂಡಿಗೆ ಎರಡರಂತೆ ಹಂಚಿರುತ್ತಾರೆ, ಅಷ್ಟೆ.

ಆಂಟೆನಾಗಳಿಗಿಂತ ರೂಟರ್ ಇಡುವ ಜಾಗವೇ ಮುಖ್ಯ. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮಗ್ಗುಲಲ್ಲಿ, ಮೀನಿನ ತೊಟ್ಟಿಯ ಪಕ್ಕದಲ್ಲಿ ಇಟ್ಟ ರೂಟರಿನಿಂದ ಏನನ್ನೂ ನಿರೀಕ್ಷಿಸಬಾರದು. ಲೋಹ ಅಲೆಗಳನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಕೇಬಲ್ಲನ್ನು ಸ್ವಲ್ಪ ಉದ್ದ ಮಾಡಿಸಿಕೊಂಡಾದರೂ ಮನೆಯ ನಡುಭಾಗದಲ್ಲಿ, ಎದೆಮಟ್ಟಕ್ಕಿಂತ ಎತ್ತರದಲ್ಲಿ ಇಡಬೇಕು. ನೆಟ್ಟಗೆ ನಿಲ್ಲಿಸಿದ ಆಂಟೆನಾದ ಪ್ರಸಾರ ಸುತ್ತಲೂ ಅಡ್ಡಡ್ಡ ಹರಡುತ್ತದೆ, ತುದಿಯ ನೇರಕ್ಕೆ ತೀರಾ ಕಡಿಮೆ. ಮಹಡಿಯ ಮೇಲೂ ಬೇಕೆನ್ನುವವರು ಒಂದನ್ನು ಮಲಗಿಸಿ ನೋಡಬಹುದು. 2.4 ಗಿಗಾಹರ್ಟ್ಸ್ ಅಲೆಗಳು ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತವೆ. ಆದರೆ ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಅಂದರೆ ಬ್ಯಾಂಡಿನೊಳಗಿನ ಪ್ರತ್ಯೇಕ ಹಾದಿಗಳು, ಇರುವುದು 1, 6 ಮತ್ತು 11 ಎಂಬ ಮೂರೇ. ಬ್ಲೂಟೂತ್, ಮೈಕ್ರೋವೇವ್ ಒಲೆ, ಅಕ್ಕಪಕ್ಕದ ಎಲ್ಲ ಮನೆಗಳ ರೂಟರುಗಳು ಅಲ್ಲಿಯೇ ಕಿಕ್ಕಿರಿದಿರುತ್ತವೆ. ಆದ್ದರಿಂದ ಅಲ್ಲಿ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಟ್ಟು, ಈ ಮೂರರಲ್ಲಿ ಕಡಿಮೆ ಗದ್ದಲದ ಒಂದನ್ನು ಆರಿಸಿ, ಹತ್ತಿರದ ಕೋಣೆಗಳ ಫೋನು, ಟಿವಿ, ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸುವುದು ಲೇಸು. 2.4 ಒಂದೇ ಇರುವ ‘ಎನ್ 300’ ರೂಟರನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಒತ್ತೊತ್ತಾಗಿ ಮನೆಗಳಿರುವ ಕಡೆ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಜೋಡಣೆಯ ಮಾತು. ಫೋನಿನಲ್ಲಿ ಇಂಟರ್ನೆಟ್ ಬಂದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯುವುದು ವಾಡಿಕೆ. ರೂಟರಿಗೆ ಎರಡು ಪಾಸ್‌ವರ್ಡ್‌ಗಳಿರುತ್ತವೆ: ವೈಫೈ ಸೇರಲು ಒಂದು, ರೂಟರಿನ ಸೆಟ್ಟಿಂಗ್ ಪುಟ ತೆರೆಯಲು ಇನ್ನೊಂದು. ಮೊದಲನೆಯದನ್ನು ಅನೇಕರು ಬದಲಿಸುತ್ತಾರೆ, 192.168.0.1 ಅಥವಾ 192.168.1.1ರಂಥ ವಿಳಾಸದಲ್ಲಿ ತೆರೆಯುವ ಆ ಪುಟದ ಪಾಸ್‌ವರ್ಡ್ ಮಾತ್ರ ಎಷ್ಟೋ ಹಳೆಯ ಮಾದರಿಗಳಲ್ಲಿ ‘ಅಡ್ಮಿನ್’ ಎಂದೇ ಉಳಿದುಬಿಡುತ್ತದೆ. ಇದು ಕ್ಷುಲ್ಲಕ ವಿಚಾರವಲ್ಲ. 2016ರಲ್ಲಿ ಹಬ್ಬಿದ ‘ಮಿರಾಯ್’ ಎಂಬ ಕುತಂತ್ರಾಂಶವು ಕಾರ್ಖಾನೆಯಿಂದ ಬಂದಂತೆಯೇ ಉಳಿದ ಇಂಥ 60ರಷ್ಟು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಲೇ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು, ಅವುಗಳ ಮೂಲಕ ದೊಡ್ಡ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ಸ್ಥಗಿತಗೊಳಿಸಿತ್ತು.

ಅದೇ ಪುಟದಲ್ಲಿ ಮಾಡಬೇಕಾದ ಇನ್ನಷ್ಟು ಕೆಲಸಗಳಿವೆ. ವೈಫೈ ಸಂಪರ್ಕವನ್ನು ಗೂಢಲಿಪಿಯಿಂದ ಕಾಯುವ ಭದ್ರತೆಯ ಬಗೆಯನ್ನು ಡಬ್ಲ್ಯುಪಿಎ 2 ಎಇಎಸ್‌ಗೆ, ಸಾಧ್ಯವಿದ್ದರೆ ಡಬ್ಲ್ಯುಪಿಎ 3ಕ್ಕೆ ಇಡಬೇಕು. ಇವುಗಳಿಗಿಂತ ಹಳೆಯ ಬಗೆಯಾದ ಡಬ್ಲ್ಯುಇಪಿಯನ್ನು ಭೇದಿಸುವ ದಾರಿ 2001ರಲ್ಲೇ ಬಹಿರಂಗವಾಗಿದೆ. ಡಬ್ಲ್ಯುಪಿಎಸ್ ಎಂಬ ಸುಲಭ ಜೋಡಣೆಯ ಪಿನ್ ಸೌಲಭ್ಯವನ್ನು ಆಫ್ ಮಾಡಿಬಿಡಬೇಕು. ಎಂಟು ಅಂಕಿಗಳ ಆ ಪಿನ್ನನ್ನು ರೂಟರ್ ಎರಡು ತುಂಡಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕಿ ಉಳಿದವುಗಳ ಲೆಕ್ಕದಿಂದಲೇ ಬರುತ್ತದೆ. ಹೀಗಾಗಿ ಹೆಚ್ಚೆಂದರೆ 11,000 ಊಹೆಗಳಲ್ಲಿ ಅದು ಬಯಲಾಗುತ್ತದೆಂದು 2011ರಲ್ಲೇ ತೋರಿಸಲಾಗಿದೆ. ಹೊರಗಿನಿಂದ ರೂಟರನ್ನು ನಿಯಂತ್ರಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಯ್ಕೆ ಮನೆಯವರಿಗೆ ಬೇಕಾಗುವುದು ಅಪರೂಪ, ಅದೂ ಆಫ್ ಆಗಿರಲಿ. ಫೈಬರ್ ಸಂಪರ್ಕದ ಪೆಟ್ಟಿಗೆಯೇ ರೂಟರ್ ಆಗಿಯೂ ಕೆಲಸ ಮಾಡುತ್ತಿದ್ದರೆ, ಹೊಸದನ್ನು ವೈಫೈ ಮಾತ್ರ ಕೊಡುವ ‘ಆಕ್ಸೆಸ್ ಪಾಯಿಂಟ್’ ವಿಧಾನದಲ್ಲಿ ಇಡುವುದೋ, ಇಲ್ಲವೇ ಸೇವಾ ಸಂಸ್ಥೆಯವರಿಂದ ಹಳೆಯ ಪೆಟ್ಟಿಗೆಯನ್ನು, ಅದು ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ‘ಬ್ರಿಡ್ಜ್’ ವಿಧಾನಕ್ಕೆ ಬದಲಿಸಿಕೊಳ್ಳುವುದೋ ಮಾಡಿದರೆ, ಒಂದರ ಹಿಂದೊಂದು ಎರಡು ರೂಟರುಗಳಿರುವುದರಿಂದ ಆಟ ಮತ್ತು ವಿಡಿಯೋ ಕರೆಗಳಿಗೆ ಬರಬಹುದಾದ ತೊಡಕು ತಪ್ಪುತ್ತದೆ. ಬ್ರಿಡ್ಜ್ ಮಾಡಿಸುವವರು ಇಂಟರ್ನೆಟ್ ಸಂಪರ್ಕದ ಲಾಗಿನ್ ಹೆಸರು, ಪಾಸ್‌ವರ್ಡ್‌ಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡಿರಬೇಕು.

ಇಷ್ಟೆಲ್ಲ ಮಾಡಿದರೂ ಗ್ರಾಹಕರ ಕೈಯಲ್ಲಿಲ್ಲದ ಒಂದು ಸಂಗತಿ ಉಳಿಯುತ್ತದೆ, ಅದು ಫರ್ಮ್‌ವೇರ್ ಅಪ್‌ಡೇಟ್. ರೂಟರೂ ಒಂದು ಪುಟ್ಟ ಕಂಪ್ಯೂಟರೇ. ಹೊಸ ದೋಷಗಳು ಪತ್ತೆಯಾದಾಗ ತಯಾರಕರು ಸರಿಪಡಿಸಿ ಕೊಡದಿದ್ದರೆ ಬಳಸುವವರು ಏನೂ ಮಾಡುವಂತಿಲ್ಲ. ಅಗ್ಗದ ಮಾದರಿಗಳು ಮಾರುಕಟ್ಟೆಯಲ್ಲಿ ಇರುವಾಗಲೇ ಅಪ್‌ಡೇಟ್ ನಿಂತುಹೋದರೂ ಪೆಟ್ಟಿಗೆ ನೋಡಿ ಕೊಳ್ಳುವವರಿಗೆ ಅದು ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾನೂನು, ಇಂಟರ್ನೆಟ್‌ಗೆ ಸೇರುವ ಗೃಹ ಉಪಕರಣಗಳಿಗೆಲ್ಲ ಒಂದೇ ಪಾಸ್‌ವರ್ಡ್ ಕೊಟ್ಟು ಮಾರುವುದನ್ನು ನಿಷೇಧಿಸಿದೆ ಮತ್ತು ಸುರಕ್ಷತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕೆಂದು ವಿಧಿಸಿದೆ. ಅದೇ ತಯಾರಕರು ಅದೇ ರೂಟರನ್ನು ಬೇರೆ ಕಡೆ ಮಾರುವಾಗ ಆ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಯಾವ ತಾಂತ್ರಿಕ ಅಡ್ಡಿಯೂ ಇರಲಾರದು. ಪೋರ್ಟಿನ ವೇಗವನ್ನು ವೈಫೈ ಅಂಕಿಯ ಪಕ್ಕದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಹಾಕಬೇಕೆಂದು ಕೇಳುವುದೂ ಅತಿಯಾಸೆಯೇನಲ್ಲ.

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇಂಥ ಉಪಕರಣಗಳ ಪರಿಚಯ ಪ್ರಕಟವಾಗುವಾಗ ಬೆಲೆ ಮತ್ತು ವೈಫೈ ವೇಗದ ಜೊತೆಗೆ ಪೋರ್ಟಿನ ವೇಗ, ಕೊನೆಯ ಫರ್ಮ್‌ವೇರ್ ಬಿಡುಗಡೆಯಾದ ದಿನಾಂಕ, ಅಪ್‌ಡೇಟ್ ಬಗ್ಗೆ ತಯಾರಕರು ಕೊಟ್ಟ ಭರವಸೆ ಈ ಮೂರನ್ನೂ ಸೇರಿಸಬೇಕೆಂದು ಕೋರುತ್ತೇನೆ. ತಯಾರಕರು ಭರವಸೆ ಕೊಟ್ಟಿಲ್ಲವಾದರೆ, ಕೊಟ್ಟಿಲ್ಲ ಎಂದೇ ಅಚ್ಚಾಗಲಿ.

ಇಂತಿ ವಂದನೆಗಳೊಂದಿಗೆ,
ನಿಮ್ಮ ಪತ್ರಿಕೆಯ ಓದುಗ