ಅತ್ತಿಗೆಗೆ, ಮತ್ತು ಉಳಿದೆಲ್ಲರಿಗೆ

ನಾನು ಕೈಯಾರೆ ಮಾಡಿದ ಝೀನ್‌ಗಳೆಲ್ಲವೂ, ಅಂದರೆ ಪುಟ್ಟ ಕೈಪತ್ರಿಕೆಗಳೆಲ್ಲವೂ, ಈ ವಾರ ಜಾಲತಾಣವಾಗಿ ತೆರೆದುಕೊಂಡಿವೆ. ಎ4 ಹಾಳೆಯನ್ನು ಮೂರು ಸಲ ಮಡಿಸಿ, ನಡುವೆ ಒಮ್ಮೆ ಕತ್ತರಿಸಿ 8 ಪುಟ ಮಾಡುತ್ತಿದ್ದ ನಾನು ಜಾಲತಾಣ ಕಟ್ಟುವ ಎಚ್‌ಟಿಎಂಎಲ್, ಸಿಎಸ್‌ಎಸ್ ಕೋಡ್ ಕಲಿಯಬೇಕಾಗಿ ಬಂದದ್ದು ನನ್ನ ಬಲಗೈ ಇನ್ನು ಕತ್ತರಿ ಹಿಡಿಯಲಾರದಾದ್ದರಿಂದ ಎಂಬುದು ನಿಮಗೆಲ್ಲ ತಿಳಿದೇ ಇದೆ.

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಉಳಿಕೆ ಕಾಗದ ಎತ್ತಿಟ್ಟು ಕೊಡುತ್ತಿದ್ದ ಅಂಗಡಿಯವರಿಗೆ, ಅಂಚು ಕಪ್ಪಾಗದಂತೆ ಝೆರಾಕ್ಸ್ ತೆಗೆಯುತ್ತಿದ್ದ ಹುಡುಗನಿಗೆ, ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಕೊಟ್ಟ ಗೆಳತಿಯರಿಗೆ, ಸರ್ವರ್ ಬಾಡಿಗೆ ಕಟ್ಟಿದ ಅಣ್ಣನಿಗೆ ನಾನು ಋಣಿ.

ಅತ್ತಿಗೆಯವರ ಋಣ ಒಂದು ಸಾಲಿಗೆ ಸಾಲದು. ಝೀನ್‌ಗಳ ಪಠ್ಯವೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿತ್ತು, ಎಲ್ಲ ಫೋನ್, ಕಂಪ್ಯೂಟರ್‌ಗಳೂ ಓದಬಲ್ಲ ಯುನಿಕೋಡ್‌ನಲ್ಲಿ ಅಲ್ಲ. ಯುನಿಕೋಡ್‌ಗೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಎಷ್ಟೋ ಕಡೆ ಪಕ್ಕದ ಅಕ್ಷರಕ್ಕೆ ಜಾರಿದ್ದವು. ವಿನ್ಯಾಸದ ಅಳತೆಯೂ ಇಂಗ್ಲಿಷ್ ಅಕ್ಷರಗಳದೇ ಆದ್ದರಿಂದ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತಿದ್ದವು. ತೆರೆಯುವ ಹಿಂದಿನ ರಾತ್ರಿ ಬೇಸತ್ತು, ಸ್ಕ್ಯಾನ್ ಮಾಡಿದ ಚಿತ್ರಗಳನ್ನೇ ಹಾಕಿಬಿಡುತ್ತೇನೆ ಎಂದೆ. “ಚಿತ್ರ ಹಾಕಿದರೆ ನಮ್ಮಪ್ಪ ಓದುವುದು ಹೇಗೆ?” ಎಂದರು ಅತ್ತಿಗೆ. ಅವರ ತಂದೆಯವರಿಗೆ ಕಣ್ಣು ಕಾಣದು. ಫೋನ್ ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಳ್ಳುತ್ತಾರೆ, ಅದಕ್ಕೆ ಪಠ್ಯ ಪಠ್ಯವಾಗಿಯೇ ಇರಬೇಕು.

ಕೋಡ್‌ನ ಗಂಧಗಾಳಿಯೂ ಇಲ್ಲದ, ಆದರೆ ಬ್ಯಾಂಕಿನಲ್ಲಿ ವೋಚರ್‌ಗಳನ್ನು ತಾಳೆ ನೋಡಿ ಪಳಗಿದ ಅತ್ತಿಗೆ, ಮೂಲ ಝೀನ್‌ಗಳನ್ನು ಕೈಯಲ್ಲಿ ಹಿಡಿದು ಸಾಲುಸಾಲಾಗಿ ಓದುತ್ತ ಹೋದರು. ನಾನು ಎಡಗೈಯಲ್ಲಿ ತಿದ್ದುತ್ತ ಹೋದೆ. ಲೈನ್-ಹೈಟ್, ಅಂದರೆ ಸಾಲಿನ ಎತ್ತರ, 1.2ರಿಂದ 1.8ಕ್ಕೆ ಏರಿದ್ದೂ ಅವರ ಕಣ್ಣಳತೆಯಿಂದಲೇ. ನಸುಕಿಗೆ ಮುಂಚೆ, ಇನ್ನು ಕತ್ತರಿ ಹಿಡಿಯಲಾರೆನೆಂಬುದು ಮೊದಲ ಬಾರಿಗೆ ಪೂರ್ತಿಯಾಗಿ ಮನಸ್ಸಿಗೆ ನಾಟಿ, ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟೆ. ಅತ್ತಿಗೆ ಸಮಾಧಾನದ ಮಾತು ಆಡಲಿಲ್ಲ. ಅಳು ನಿಲ್ಲುವವರೆಗೆ ಕಾದು ಮುಂದಿನ ಸಾಲು ಓದಿದರು. ಅದಕ್ಕಿಂತ ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ಕಾಗದದಲ್ಲಿ ಪುಟದ ಅಳತೆ ನನ್ನ ಕೈಯಲ್ಲಿತ್ತು. ಇಲ್ಲಿ ಅದನ್ನು ಓದುಗರ ಫೋನ್ ನಿರ್ಧರಿಸುತ್ತದೆ, ಅದಕ್ಕೆ ನಾನಿನ್ನೂ ಒಗ್ಗಿಲ್ಲ. ಆದರೂ ಪುಟವನ್ನು ಅಂಕಣಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್‌ನಲ್ಲಿ ಒಂದು ಚಿತ್ರವನ್ನು ಬೇಕೆಂದೇ ಪಕ್ಕದ ಅಂಕಣಕ್ಕೆ ನುಗ್ಗಿಸಿ, ತುಸು ಓರೆಯಾಗಿ ಕೂರಿಸುವಾಗ ಅಂಟು ಹಚ್ಚುತ್ತಿದ್ದ ದಿನಗಳ ತುಂಟತನವೇ ಮತ್ತೆ ಮೂಡುತ್ತದೆ.

ಅತ್ತಿಗೆಯ ತಂದೆಯವರು ಮೊದಲ ಸಂಚಿಕೆಯನ್ನು ಪೂರ್ತಿ ಕೇಳಿ, ಎರಡನೆಯದರಲ್ಲಿ ನಮ್ಮಿಬ್ಬರ ಕಣ್ಣಿಗೂ ಬೀಳದಿದ್ದ ಅರ್ಕಾವತ್ತೊಂದನ್ನು ಹಿಡಿದುಕೊಟ್ಟಿದ್ದಾರೆ. ಅವರಿಗೂ ನಮಸ್ಕಾರ, ಅದನ್ನು ತಿದ್ದಿದ್ದೇನೆ.